ಉಡ್ಯಾಗ ಬಂದ ಪಗಾರ

ಅಲ್ಲ ಭಾಗ್ಯಾ, ಅದನ್ನೇ ಕೇಳಾಕತ್ತೀನಿ. ಆ ಕೋಡ್ಲಾ ಊರಿನ ಮೇಡಂ, ಕೂಸು ನೋಡ್ಕೊಳ್ಳಾಕ ಎಷ್ಟು ತೊಗೋತಿ ಅಂತ ಕೇಳಿದಾಗ ನೀ ಏನಂದಿ? 'ನೀವು ತಿಳದಷ್ಟು ಕೊಡ್ರಿ' ಅಂದಿ, ಹೌದಿಲ್ಲೋ? ನಗಬ್ಯಾಡ. ಆ ಫೋನ್ ಕೆಳಗಿಡು, ಇಲ್ಲಿ ಕಟ್ಟಿ ಮ್ಯಾಲ ಕುಂದ್ರು. 'ನಮ್ಮ ಮನಿ ಮಗಳಂಗ ಇರು' ಅಂದ್ಳಂತ, ನಿನಗ ಭಾಳ ಖುಷಿ ಆತು. ನನಗೂ ಆಗಿತ್ತು, ಇದೇ ಮಾತಿಗಿ. ಆಗ ನನಗ ಇಪ್ಪತ್ತು, ಇಲ್ಲ, ಇಪ್ಪತ್ತೆರಡು ವರ್ಷ. ನಿಮ್ಮವ್ವ ಶರಣಮ್ಮಗ ಮೂರು ತುಂಬಿ ನಾಕು ನಡದಿತ್ತು.

ನಿಮ್ಮ ಮುತ್ಯಾ, ನನ್ನ ಗಂಡ, ಶಹಾಬಾದದಾಗ ನೆಲಕ್ಕ ಹಾಸೂ ಫರಸಿ ಕಲ್ಲು ಕಡಿಯಾಕ ಹೋಗ್ತಿದ್ದ. ಧೂಳು ಕುಡದು ಕುಡದು ಎದಿ ಹಿಡೀತು, ಹತ್ತು ಹೆಜ್ಜಿ ನಡದ್ರ ಕುಂದರ್ತಿದ್ದ. ಅವರವ್ವ ಬಂದು ಆರೈಕಿ ಮಾಡ್ತೀನಿ ಅಂತ ತಮ್ಮೂರು ತೆಂಗಳಿಗಿ ಕರಕೊಂಡು ಹೋದ್ಳು. ನಾನು ಮಗಳು ವಾಡಿಯಾಗ, ರೈಲು ಪಟ್ಟಿ ಹಿಂದ ಒಂದು ಖೋಲಿಯಾಗ ಉಳದ್ವಿ. ದುಡೀಲೇಬೇಕಿತ್ತು, ಅವನ ಔಷಧಕ್ಕ ಬೇಕಿತ್ತು. ಅಲ್ಲೊಬ್ಬರು ಸಾಲಿ ಕಲಿಸೂ ಅಕ್ಕೋರು ಇದ್ರು, ಆರು ತಿಂಗಳ ಕೂಸು. ಮುಂಜಾನಿ ಒಂಬತ್ತರಿಂದ ಸಂಜಿ ಐದರ ತನಕ ನೋಡ್ಕೋ ಅಂದ್ರು. ಪಗಾರಿನ ಮಾತು ಬಂದಾಗ ನಾನೂ ನಿನ್ನಂಗೇ ತಲಿ ಬಗ್ಗಿಸಿ ತಿಳದಷ್ಟು ಕೊಡ್ರಿ ಅಂದೆ. ನಾಚಿಕಿ ನೋಡು, ಕೂಸು ಎತ್ತಾಕ ರೊಕ್ಕ ಕೇಳಬೇಕಾ ಅಂತ.

ತಿಂಗಳು ತುಂಬಿದ ದಿನ ಅಕ್ಕೋರು ಏನ್ಮಾಡಿದ್ರು ಗೊತ್ತೇನು? ನನ್ನ ಕಟಗಿ ಮಣಿ ಮ್ಯಾಲ ಕುಂದರಿಸಿ, ಕುಂಕುಮ ಹಚ್ಚಿ, ಸೆರಗು ಹಿಡದು ಉಡಿ ಒಡ್ಡು ನಿಂಗಮ್ಮ ಅಂದ್ರು. ಅಕ್ಕಿ, ಕೊಬ್ರಿ ಬಟ್ಟಲ, ಉತ್ತತ್ತಿ, ಒಂದು ಕುಬಸದ ಖಣ, ಅದರ ನಡಕ ಮಡಚಿದ ನೋಟು. ನನ್ನ ಕಣ್ಣಾಗ ನೀರು ಬಂತು. ತವರಮನ್ಯಾಗೂ ನನಗ ಅಷ್ಟು ಛಂದ ಉಡಿ ತುಂಬಿರಲಿಲ್ಲ. ಮನಿಗಿ ಬಂದು ಬಿಚ್ಚಿ ನೋಡಿದ್ರ ಔಷಧಕ್ಕ ಸಾಲ್ತಿರಲಿಲ್ಲ. ಆದ್ರ ಉಡ್ಯಾಗ ಬಿದ್ದದ್ದು ಕಡಿಮಿ ಆತು ಅಂತ ಯಾವ ಬಾಯಿಲೆ ಹೇಳ್ತಿ? ಹೇಳಾಕ ಬರಂಗಿಲ್ಲ. ಅದು ದೇವರಂಥದ್ದು. ಮುಂದಿನ ತಿಂಗಳೂ ಹಂಗೇ, ಅದರ ಮುಂದಿನ ತಿಂಗಳೂ ಹಂಗೇ. ಈ ಕಡಿ ಕೆಲಸ ಬೆಳೀತು. ಕೂಸಿನ ಅರಬಿ ಒಗೀತಿದ್ದಾಕಿ ಮನಿ ಮಂದಿ ಅರಬೀನೂ ಒಗದೆ, ಭಾಂಡಿ ತಿಕ್ಕಿದೆ, ಬೀಗರು ಬಂದ್ರ ರೊಟ್ಟಿ ಬಡದೆ. ಮನಿ ಮಗಳಲ್ಲ ನಾನು? ಐದು ಅಂದದ್ದು ಆರಾತು, ಒಮ್ಮೊಮ್ಮೆ ಏಳಾತು.

ನಮ್ಮ ಶರಣಮ್ಮನ್ನ ಬಾಜೂ ಖೋಲಿ ಫಾತಿಮಾಬೀ ನೋಡ್ಕೋತಿದ್ಳು. ಅಕಿ ಮೊದಲ ದಿನಾನೇ ಸಾಫ್ ಹೇಳಿದ್ಳು, 'ದೇಖ್ ನಿಂಗಮ್ಮ, ಐದರ ತನಕ ನನ್ನ ಜಿಮ್ಮಾ. ಆಮ್ಯಾಲ ನನಗ ಖಾನಾವಳಿ ಭಾಂಡಿ ಅದಾವ' ಅಂತ. ಆದ್ರೂ ನಾ ತಡ ಮಾಡಿದ ದಿನ ಖಾನಾವಳಿಯವರ ಬೈಗಳ ತಿಂದು ಕಾದು ಕುಂದರ್ತಿದ್ಳು. ಅಕಿಗಿ ನಾ ಏನು ಕೊಡ್ತಿದ್ದೆ? ಎರಡು ರೊಟ್ಟಿ, ಒಂದಿಷ್ಟು ಪಲ್ಯ. ಅಕ್ಕೋರು ನನಗ ಮಾಡಿದ್ದನ್ನೇ ನಾ ಅಕಿಗಿ ಮಾಡಾಕತ್ತಿದ್ದೆ, ತಿಳೀಲಿಲ್ಲ.

ಒಂದಿನ ಅಕ್ಕೋರು ಚಿತ್ತಾಪುರಕ್ಕ ಲಗ್ನಕ್ಕ ಹೋದ್ರು. ಐದಕ್ಕ ಬರ್ತೀನಿ ಅಂದಿದ್ರು, ಬರಲಿಲ್ಲ. ಆರಾತು, ಏಳೂ ದಾಟ್ತು. ಕೂಸು ಎತ್ತಿಕೊಂಡೇ ಮನಿಗಿ ಓಡಬಹುದಿತ್ತಲ್ಲ ಆಯಿ ಅಂತಿ. ಕೂಸನ್ನ ಹೊಸ್ತಿಲ ದಾಟಿಸಬ್ಯಾಡ ಅಂತ ಅಕ್ಕೋರು ಮೊದಲೇ ಹೇಳಿದ್ರು. ಅವರಿಗೆ ಬೇಕಾದ ಮಾತು ಅವರು ಹೇಳಿದ್ರು, ನನಗ ಬೇಕಾದದ್ದು ನಾ ಹೇಳಿರಲಿಲ್ಲ. ಕಿಟಕಿಯಾಗ ನಿಂತು ಹಾದಿ ನೋಡ್ಕೋತ ಕೂಸನ್ನ ತೂಗಿದೆ. ಅತ್ಲಾಗ ಫಾತಿಮಾಬೀ ಕಾಯೋಷ್ಟು ಕಾದು, ಶರಣಮ್ಮನ್ನ ಬಾಗಲದಾಗ ಕುಂದರಿಸಿ, 'ನಿಮ್ಮವ್ವ ಈಗ ಬರ್ತಾಳ' ಅಂತ ಅದಕ್ಕ ಹೇಳಿ ಹೋದ್ಳು. ಅದು ಅವ್ವನ್ನ ಹುಡುಕ್ಕೋತ ಪಟ್ಟಿ ಕಡಿ ನಡೀತು.

ನಿಮ್ಮವ್ವನ ಹಣಿ ಮ್ಯಾಲ ಗುರುತು ಅದ ನೋಡು. ಜೋಕಾಲಿಯಿಂದ ಬಿದ್ದಾಳ ಅಂತ ನಿಮಗೆಲ್ಲಾ ಹೇಳ್ಕೋತ ಬಂದೀನಿ. ಸುಳ್ಳು. ಪಟ್ಟಿ ದಾಟೂವಾಗ ಎಡವಿ, ಹಣಿ ಕಂಬಿಗಿ ಬಡದು ಅಲ್ಲೇ ಬಿದ್ದಿತ್ತು. ಪಟ್ಟಿ ಕೆಲಸದ ಒಬ್ಬ ಮುದುಕಪ್ಪ ನೋಡಿ ಎತ್ತಿಕೊಂಡ. ಅವ ಎತ್ತಿ ಒಂದು ಬೀಡಿ ಸೇದೂದ್ರಾಗ ಮಾಲಗಾಡಿ ಬಂತಂತ. ಅವನೇ ಹೇಳಿದ. ಅಕ್ಕೋರು ಬಂದ ಮ್ಯಾಲ ನಾ ಮನಿಗಿ ಹೋದಾಗ ಅವನ ರುಮಾಲ ಅದರ ತಲಿಗಿ ಸುತ್ತಿತ್ತು. 'ಅವ್ವಾ, ಆ ಪಾಪುಗ ಹಾಲು ಕುಡಿಸಿದೇನು' ಅಂತ ಕೇಳ್ತು. ಅಷ್ಟೇ ಕೇಳ್ತು.

ನಾಕು ದಿನ ಕೆಲಸಕ್ಕ ಹೋಗಲಿಲ್ಲ. ಐದನೇ ದಿನ ಹೋದೆ. ತಿಂಗಳು ತುಂಬಿತ್ತು, ಅಕ್ಕೋರು ಮಣಿ ಹಾಕಿದ್ರು, ಕಾಳು ಕೇರೂ ಮರದಾಗ ಅಕ್ಕಿ ಖಣ ಎಲ್ಲಾ ಇತ್ತು. ನಾ ಕುಂದರಲಿಲ್ಲ. 'ಅಕ್ಕೋರೆ, ಉಡಿ ಹಬ್ಬಕ್ಕ ತುಂಬ್ರಿ, ಒಡ್ತೀನಿ. ಪಗಾರ ಕೈಯಾಗ ಕೊಡ್ರಿ' ಅಂದೆ. ಆದದ್ದೆಲ್ಲಾ ಹೇಳಿದೆ. ಅವರು ಮರ ಬಾಜೂಕ ಸರಿಸಿದ್ರು. 'ಯವ್ವಾ, ಮನ್ಯಾಗ ಸಣ್ಣ ಮಗಳು ಅದಾಳ ಅಂತ ನೀ ಒಂದಿನಾನೂ ಹೇಳಿಲ್ಲಲ್ಲ ನಿಂಗಮ್ಮ' ಅಂದ್ರು. 'ನೀವು ಕೇಳಿಲ್ಲರಿ' ಅಂದೆ. ಇಬ್ಬರೂ ಅತ್ವಿ. ಕೆಟ್ಟಾಕಿ ಅಲ್ಲವ್ವ ಅಕಿ. ಅವತ್ತೇ ಕುಂತು ಮಾತಾಡಿದ್ವಿ. ಇಷ್ಟು ಪಗಾರ, ಐದು ಅಂದ್ರ ಐದು, ತಡ ಆದ್ರ ಅದಕ್ಕ ಬ್ಯಾರೆ, ಕೂಸಿನ ಕೆಲಸ ಅಷ್ಟೇ, ಐತವಾರ ಸೂಟಿ. ಕೈಯಾಗ ಬಂದ ಮೊದಲ ಪಗಾರದಾಗ ಫಾತಿಮಾಬೀ ಪಾಲು ತಗದು ಅಕಿ ಕೈಯಾಗ ಇಟ್ಟೆ. 'ಅಬ್ ಆಯಿ ಅಕಲ್, ಈಗ ಬಂತು ನೋಡು ಬುದ್ಧಿ' ಅಂದ್ಳು ಮುದಿಕಿ.

ಅದಕ್ಕೇ ಹೇಳ್ತೀನಿ, ನಾಳಿ ಸೇಡಂದಾಗ ಬಸ್ ಹತ್ತೂಕಿಂತ ಮೊದಲ ಆ ಮೇಡಂಗ ಫೋನ್ ಹಚ್ಚು. ಎಷ್ಟು ಪಗಾರ, ಎಷ್ಟೊತ್ತಿಗಿ ಬಿಡ್ತೀರಿ, ಏನೇನು ಕೆಲಸ, ಮರ್ಯಾದಿಲೆ ಕೇಳು. ಕೂಸಿನ ಮ್ಯಾಲ ಮಾಯಾ ಮಮತಾ ಎಷ್ಟರ ಮಾಡು, ಅದಕ್ಕ ರೊಕ್ಕ ಕೇಳಬ್ಯಾಡ. ನಿನ್ನ ಹೊತ್ತಿಗಿ ಕೇಳು. ಆ ಹೊತ್ತಿಗಿ ಮನ್ಯಾಗ ಯಾರೋ ಬಾಗಲ ನೋಡ್ಕೋತ ಕುಂತಿರ್ತಾರ.