ಎಲ್ಲಾದರೂ ಇಡಿ

ತೊಂಬತ್ತೆಂಟರ ಬೇಸಿಗೆ. ಮರಾಠಿ ನಾಡಿನ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಬೆಳಗಾವಿ ಬಸ್ಸಿಗೆ ಕಾಯುತ್ತಿದ್ದ ಶೈಲಶ್ರೀಗೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಮಂಗಳೂರು ಕಡೆಯ ನರ್ಸ್ ಒಬ್ಬಳು ಮುದುಕಿಯನ್ನು ವಿಜಾಪುರದ ಬಸ್ಸು ಹತ್ತಿಸಲು ಬಂದಿದ್ದಳು.

"ಮಗನ್ನ ಪರಊರ ಮಣ್ಣಾಗ ಇಟ್ಟು ಹೊಂಟೀನಿ, ಹಿಲ್ಡಾಬಾಯಿ. ಇಲ್ಲೇ ಕೊಂಢವಾ ಅನ್ನೂ ಬಡಾವಣಿಯಾಗ ಕಟ್ಟಡದ ಮ್ಯಾಲಿಂದ ಬಿದ್ದಾಂವನ್ನ ಊರಿಗೆ ಒಯ್ಯಾಕ ಆಗಲಿಲ್ಲ."

"ನಾಗವ್ವ, ನಮ್ಮ ಕ್ರೈಸ್ತರಲ್ಲಿ ಸಂತ ಮೋನಿಕಾ ಅಂತ ಒಬ್ಬ ತಾಯಿ ಇದ್ದರು. ಊರಲ್ಲಿ ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಜಾಗವನ್ನೂ ಮಾಡಿಟ್ಟಿದ್ದರು. ಪರದೇಶದಲ್ಲಿ ಕಾಯಿಲೆ ಬಿದ್ದಾಗ ಮಕ್ಕಳಿಗೆ, ಈ ದೇಹವನ್ನು ಎಲ್ಲಾದರೂ ಇಡಿ, ದೇವರಿಗೆ ಯಾವ ಜಾಗವೂ ದೂರವಲ್ಲ ಅಂದರಂತೆ."

"ಆಕಿ ದೊಡ್ಡಾಕಿ."

"ನೀವೂ ಹಾಗೇ ಸಮಾಧಾನ ಮಾಡಿಕೊಳ್ಳಿ."

"ಅದು ಸಾಯಾಕಿ ತಾನ ಆಡಿದ ಮಾತಲ್ರಿ? ನನ್ನ ಮಗ ಎಲ್ಲೆರ ಇಡ್ರಿ ಅನ್ನಲಿಲ್ಲ. ಉಸಿರಿರೂತನಕ 'ಯವ್ವಾ, ಊರಿಗೆ ಹೋಗೂಣು' ಅಂದ. ನೀವೂ ಕೇಳೀರಿ."

"ಕೇಳಿದ್ದೇನೆ," ಎಂದ ಹಿಲ್ಡಾಳ ದನಿ ಕುಸಿಯಿತು. ಶೈಲಶ್ರೀಗೆ ತಿರುಗಿ ನೋಡಲಾಗಲಿಲ್ಲ.

ವಿಜಾಪುರದ ಬಸ್ಸು ಬಂತು.

"ಸೋಮವಾರ ಅವನ ಮ್ಯಾಲೆ ಒಂದು ಬಿಲ್ವಪತ್ರಿ ಇಡ್ತೀರೇನ್ರಿ?"

"ನಾನು ಇಟ್ಟರೆ ನಡೀತದಾ, ನಾಗವ್ವ?"

"ಕಡೀ ಹನಿ ನೀರು ಅವನ ಬಾಯಿಗೆ ಹಾಕಿದಾಕಿ ನೀನವ್ವಾ."

ನಾಗವ್ವ ಬಸ್ಸು ಹತ್ತಿದಳು. ಬಸ್ಸು ಗೇಟು ದಾಟುವ ತನಕ ನಿಂತಿದ್ದ ಹಿಲ್ಡಾ, ಸೆರಗಿನಿಂದ ಮುಖ ಒರೆಸಿಕೊಂಡು ಜನರ ನಡುವೆ ಸೇರಿಹೋದಳು.