ಸೊಸೆಯ ಕೈಗುಣ

೨೦೨೪ರ ಜುಲೈ ೧೪. ಪುಣೆಯ ಸ್ವಾರಗೇಟ್‌ನಲ್ಲಿ ಬಸ್ಸಿಗಾಗಿ ನಿಂತ ಸಾಲಿನಲ್ಲಿ ನನ್ನ ಮುಂದೆ ಹದಿನೇಳು ಮಂದಿ ಇದ್ದರು. ನನಗೆ ಹತ್ತಿರವಿದ್ದವರು ವಯಸ್ಸಾದ ಅಕ್ಕ ಮತ್ತು ಆಕೆಯ ತಮ್ಮ.

“ಸೊಸಿ ಮೂರು ಸಲ ಕುಂಡದಾಗ ಮೆಂತೆ ಬಿತ್ತಿದ್ಲು, ಒಂದೂ ಹುಟ್ಟಲಿಲ್ಲ. ನಿನ್ನ ಕೈಗುಣ ಛಲೋ ಇಲ್ಲ, ಬೀಜ ಮುಟ್ಟಬ್ಯಾಡ ಅಂದೆ. ಭಾಳ ಅತ್ತಳು.”

“ಕುಂಡದ ಮಣ್ಣಾಗ ಏನ್ ಹಾಕಿದ್ದಿ, ಅಕ್ಕಾ?”

“ಒಣಗಿದ ಸೂರ್ಯಕಾಂತಿ ಗಿಡ ಕತ್ತರಿಸಿ ನಾನ ಹಾಕೀನಿ, ಗೊಬ್ಬರ ಆಗಲಿ ಅಂತ.”

“ಅದರ ರಸ ಮಣ್ಣಿಗಿಳದ್ರ ಬ್ಯಾರೆ ಬೀಜ ಏಳಗೊಡೂದಿಲ್ಲ. ಸೂರ್ಯಕಾಂತಿ ಹೊಲದಾಗ ಕಳೆನೂ ಕಡಿಮಿ.”

“ಅಂದ್ರ ಕೆಟ್ಟ ಕೈ ನಂದ?”

“ಕೈ ಅಲ್ಲ, ಬಾಯಿ.”

ಆಕೆ ಫೋನ್ ತೆಗೆದು ಸೊಸೆಗೆ ಕರೆ ಮಾಡಿದರು.

“ಸ್ನೇಹಲ್, ತಪ್ಪು ನಂದವಾ. ಹೊಸ ಮಣ್ಣು ಹಾಕಿ ಮೆಂತೆ ನೀನ ಬಿತ್ತು.”

ನಿಗಡಿಯ ಬಸ್ಸು ಬಂತು. ಆಕೆ ಫೋನಿನಲ್ಲಿ ಮಾತಾಡುತ್ತಲೇ ಹತ್ತಿದರು.