ಜೊತೆಗೆ ನಾಗು ಇದ್ದರೆ

ಹೆಬ್ಬಾಳದಲ್ಲಿ ಆರ್.ಟಿ. ನಗರದ ಬಸ್ಸಿಗೆ ಕಾಯುತ್ತಿದ್ದ ಶರತ್‌ನ ಪಕ್ಕದಲ್ಲೇ ಇಬ್ಬರು ಹುಡುಗಿಯರು ನಿಂತಿದ್ದರು. ಬುರ್ಖಾ ತೊಟ್ಟವಳು ಮೊದಲು ಮಾತೆತ್ತಿದಳು.

“ಸಂಜೆ ಐದಕ್ಕೆ ಲಾಸ್ಟ್, ನಾಗು. ಹೈದರಾಬಾದ್ ಸೀಟಿಗೆ ಇಬ್ರೂ ಹೂಂ ಅನ್ಬೇಕು.”

“ನಂಗೆ ಪುಣೆ ಸಿಕ್ಕಿದೆ ಕಣೇ ಸುಮೈರಾ. ಎಂಎಸ್ಸಿ ಅಲ್ಲೇ ಮಾಡ್ಬೇಕು ಅಂತ ಎಷ್ಟ್ ಆಸೆ ಇತ್ತು, ನಿಂಗೇ ಗೊತ್ತಲ್ಲ.”

“ನೀನು ಜೊತೇಲಿದ್ರೆ ಮಾತ್ರ ಅಬ್ಬಾ ನನ್ನ ಕಳ್ಸೋದು. ಇಲ್ದಿದ್ರೆ ನಂಗೆ ಓದೇ ಇಲ್ಲ.”

“ನಾನೇ ಬಂದು ಮಾತಾಡ್ತೀನಿ. ನೀನೊಬ್ಳೇ ಇರಬಲ್ಲೆ ಅಂತ ಹೇಳ್ತೀನಿ.”

“ನಾನ್ ಹೇಳಿ ಹೇಳಿ ಸಾಕಾಯ್ತು. ಅವ್ರಿಗೆ ನಂಬಿಕೆ ಇರೋದು ನಿನ್ಮೇಲೆ. ಕ್ಲಾಸಿಗೆ ಚಕ್ಕರ್ ಹೊಡೆಸ್ತಿದ್ದೋಳು ನೀನೇ ಅಂತ ಪಾಪ ಅವ್ರಿಗೇನ್ ಗೊತ್ತು!”

ನಾಗು ನಗಲು ಹೋಗಿ ಅತ್ತುಬಿಟ್ಟಳು.

“ನಾನೂ ಬರ್ತೀನಿ ಅಂತ ಸುಳ್ಳು ಹೇಳೋಣ್ವಾ?”

“ಹಾಸ್ಟೆಲ್ ಬಾಗಿಲ ತನಕ ಬಿಡೋಕೆ ಅವ್ರೇ ಬರ್ತಾರೆ ಕಣೇ.”

ಬಸ್ಸು ಬಂದು ನಿಂತಿತು.

“ಪುಣೆಗೇ ಹೂಂ ಅನ್ನು,” ಎಂದಳು ಸುಮೈರಾ. “ಆದ್ರೆ ಇವತ್ತು ನಮ್ಮನೇಗ್ ಬರ್ಬೇಡ. ನಿನ್ನ ನೋಡಿದ್ ತಕ್ಷಣ ಅಬ್ಬಾ, ‘ಇಬ್ರೂ ಯಾವತ್ತು ಹೊರಡ್ತೀರಮ್ಮಾ’ ಅಂತ ಕೇಳ್ತಾರೆ.”

ಹಾಗೆಂದವಳೇ ಮುಂದಿನ ಬಾಗಿಲಲ್ಲಿ ಹತ್ತಿಕೊಂಡಳು. ನಾಗು ಹತ್ತಲಿಲ್ಲ.